ಜೋಡಿ ಚೀಲದ ಲೆಕ್ಕ

ಜೋಳದ ಕೊಯ್ಲು ಮುಗಿದು ಮೂರು ವಾರವಾಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಗಿರಣಿಯ ಮುಂದೆ ಗಾಡಿಗಳು ಆಗಲೇ ಸಾಲುಗಟ್ಟಿದ್ದವು. ಗಿರಣಿಯವನು ತೂಕದ ಹಲಗೆಯ ಮೇಲೆ ಒಂದೊಂದೇ ಚೀಲ ಇಳಿಸಿಕೊಂಡು, ದಂಡದ ಮೇಲೆ ಗುಂಡು ಸರಿಸಿ, ತುಟಿಯೊಳಗೇ ಕಳೆಯುವುದನ್ನು ಕಳೆದು, ಉಳಿದದ್ದನ್ನು ಮಾತ್ರ ಗಟ್ಟಿಯಾಗಿ ಕೂಗುತ್ತಿದ್ದ. ಚೀಲಕ್ಕೆ ಒಂದು ಕಿಲೋ, ಜೋಡಿ ಚೀಲವಾದರೆ ಎರಡು, ಕಾಳು ಹಸಿಯಿದ್ದರೆ ಮೇಲೆ ಇನ್ನೊಂದು. ಮೂವತ್ತು ವರ್ಷದಿಂದ ಇದೇ ಲೆಕ್ಕ. ಯಾರೂ ತಕರಾರು ತೆಗೆದವರಿಲ್ಲ.

ಅವನ ಅಕ್ಕ ಚೀಲದ ಬಾಯಿ ಹೊಲಿಯುವವಳು. ನಾಲ್ಕು ವರ್ಷದಿಂದ ಕೀಲುನೋವು. ಬಿಸಿಲು ಏರಿ ಬೆರಳ ಗಂಟು ಸಡಿಲಾಗುವವರೆಗೆ ದಬ್ಬಳ ಹಿಡಿಯಲಾಗದು. ಮಾತ್ರೆ ನುಂಗಿದರೆ ಬೆರಳುಗಳೇನೋ ಬಗ್ಗುತ್ತಿದ್ದವು. ಆದರೆ ಅದೇ ಮಾತ್ರೆಗೆ ಹೊಟ್ಟೆ ಉಂಡದ್ದನ್ನು ಮರೆಯುತ್ತಿತ್ತು, ಮುಖ ಊದುತ್ತಿತ್ತು. ಕನ್ನಡಕದ ಕಡ್ಡಿಗಳು ಊದಿದ ಮುಖಕ್ಕೆ ಒತ್ತಿ ನೋಯಿಸುತ್ತವೆಂದು ಅದನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ದಬ್ಬಳಕ್ಕೆ ಹುರಿ ಪೋಣಿಸುವುದು ಅಂದಾಜಿನ ಮೇಲೆ.

ತಿಂಗಳ ಹಿಂದೆ ಪೇಟೆಯ ಡಾಕ್ಟರಮ್ಮನ ತೂಕದ ಯಂತ್ರ ಎಂಬತ್ನಾಲ್ಕು ಕಿಲೋ ತೋರಿಸಿತ್ತು. “ಐದು ಕಿಲೋ ಇಳಿಸಿ ಬನ್ನಿ ಅಮ್ಮ. ಮೊಣಕಾಲಿನ ಹೊರೆ ಇಳಿದರೆ ಮಾತ್ರೆ ಸ್ವಲ್ಪ ಕಡಿಮೆ ಮಾಡಿ ನೋಡೋಣ. ನೀವಾಗಿ ಮಾತ್ರ ಬಿಡಬೇಡಿ” ಎಂದಿದ್ದಳು. ಅಂದಿನಿಂದ ಅಕ್ಕ ತಟ್ಟೆಗೆ ಬಡಿಸಿಕೊಂಡದ್ದರಲ್ಲಿ ಕಾಲು ಭಾಗ ವಾಪಸು ಹಾಕುತ್ತಿದ್ದಳು. ಬೆಳಗಾಗೆದ್ದು ಇಬ್ಬನಿಯಲ್ಲೇ ಕಣದ ಸುತ್ತ ನಡೆಯುತ್ತಿದ್ದಳು. ಮೂರು ಸುತ್ತಿಗೆ ಮೊಣಕಾಲು ಮುಷ್ಕರ ಹೂಡಿದರೆ ಕೂತು ಬೈದು, ಮಧ್ಯಾಹ್ನ ಮತ್ತೆ ಮೂರು. ಹುರಿದ ಶೇಂಗಾದ ಡಬ್ಬಿಯನ್ನು ಬಚ್ಚಿಡು ಎಂದು ತಮ್ಮನ ಹೆಂಡತಿಯ ಕೈಗೆ ಕೊಟ್ಟವಳೂ ಅವಳೇ, ಎಲ್ಲಿಟ್ಟಿದ್ದೀಯೆಂದು ಎರಡನೇ ದಿನ ಜಗಳ ತೆಗೆದವಳೂ ಅವಳೇ. ಪ್ರತಿ ಸೋಮವಾರ ಮೊದಲ ಚೀಲಕ್ಕಿಂತ ಮುಂಚೆ ಹಲಗೆಯ ಮೇಲೆ ನಿಲ್ಲುತ್ತಿದ್ದಳು. ಕನ್ನಡಕವಿಲ್ಲದೆ ದಂಡದ ಗೆರೆ ಕಾಣದು. ತಮ್ಮ ಕೂಗಿದ್ದೇ ಸತ್ಯ.

ನಾಲ್ಕನೇ ಸೋಮವಾರ ಇಬ್ಬನಿಗೆ ತೊಯ್ದ ಕಾಲಿನಲ್ಲಿ, ಶಾಲು ಹೊದ್ದು ಬಂದು ನಿಂತಳು. ಗುಂಡು ಸರಿಯಿತು.

“ಎಪ್ಪತ್ತೊಂಬತ್ತು.”

“ಸರಿಯಾಗಿ ನೋಡಿದ್ಯೇನೋ?”

“ನನ್ನ ತೂಕ ಯಾವತ್ತು ತಪ್ಪಿದೆ, ನೀನೇ ಹೇಳು.”

ಅವತ್ತೇ ಪೇಟೆಗೆ ಹೊರಟ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಮಾತ್ರೆ ಕಡಿಮೆಯಾಗಿ, ಕನ್ನಡಕ ಮುಖಕ್ಕೆ ಸಲೀಸಾಗಿ ಕೂತಿತ್ತು. ಆದರೆ ಡಾಕ್ಟರಮ್ಮನ ಯಂತ್ರದ ಮುಳ್ಳು ಎಂಬತ್ತೆರಡರಲ್ಲಿ ನಿಂತಿತು. ಶಾಲು ತೆಗೆದಳು, ಚಪ್ಪಲಿ ಬಿಟ್ಟಳು. ಮುಳ್ಳು ಅಲುಗಿದಂತೆ ಮಾಡಿ ಅಲ್ಲೇ ಕೂತಿತು. ನಿಮ್ಮ ಯಂತ್ರಕ್ಕೆ ಎಣ್ಣೆ ಬಿಡಿಸಿ ಎಂದು ಗೊಣಗಿದಳು. ಡಾಕ್ಟರಮ್ಮ ನಕ್ಕು, ಈ ಮಾತ್ರೆ ತಿನ್ನುವವರು ತಿಂಗಳಿಗೆ ಒಂದೆರಡು ಕಿಲೋ ಏರಿಸಿಕೊಂಡೇ ಬರುತ್ತಾರೆ, ನೀವು ಎರಡು ಇಳಿಸಿದ್ದೀರಿ, ಅದೇನು ಕಮ್ಮಿಯೇ ಎಂದಳು. ಬೆರಳು ಮಡಿಸಿ ನೋಡಿ, ರಕ್ತದ ವರದಿ ಓದಿ, ಅರ್ಧ ಮಾತ್ರೆ ಕಡಿಮೆ ಮಾಡಿ ಬರೆದುಕೊಟ್ಟಳು. ಮೂರು ಕಿಲೋ ಬಾಕಿ ಇದೆ, ಅದಾದ ಮೇಲೆ ಮುಂದಿನ ಮಾತು ಎಂದಳು. ಕೊರಳಲ್ಲಿ ನೇತಾಡುತ್ತಿದ್ದ ಕನ್ನಡಕ ಡಾಕ್ಟರಮ್ಮನ ಕಣ್ಣಿಗೆ ಬಿತ್ತು. “ಕಡ್ಡಿ ಸಡಿಲ ಮಾಡಿಸಿಕೊಳ್ಳಿ ಅಮ್ಮ. ಮುಖ ಇಳಿಯೋವರೆಗೂ ಕಣ್ಣು ಯಾಕೆ ಕಾಯಬೇಕು?”

ಸಂಜೆ ಮನೆಗೆ ಬಂದು ಕಾಲು ತೊಳೆದವಳು, ಶಾಲೂ ತೆಗೆಯದೆ, ನೆಟ್ಟಗೆ ಗಿರಣಿಗೆ ನಡೆದಳು. ಮೂಗಿನ ಮೇಲೆ ಕನ್ನಡಕವಿತ್ತು. ಗಾಡಿಗಳ ಸಾಲು ಇನ್ನೂ ಕರಗಿರಲಿಲ್ಲ.

“ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ಯಾ?”

ಮೂವತ್ತು ವರ್ಷದಲ್ಲಿ ಯಾರೂ ಆಡದ ಮಾತು ಅದು. ತಮ್ಮನ ಮುಖ ಸಪ್ಪಗಾಯಿತು. ಹಲಗೆ ಹತ್ತು, ನಿನ್ನ ಕಣ್ಣೆದುರೇ ತೂಗ್ತೀನಿ ಎಂದ. ಅವಳು ಹತ್ತಿ ನಿಂತು ಮೊದಲ ಸಲ ದಂಡದ ಗೆರೆ ನೋಡಿದಳು. ಗುಂಡು ಎಂಬತ್ತೆರಡಕ್ಕೆ ಬಂದು ನಿಂತಿತು. ತಮ್ಮನ ತುಟಿ ಮೆಲ್ಲಗೆ ಅಲುಗಿತು: ಜೋಡಿ ಚೀಲಕ್ಕೆ ಎರಡು, ಹಸಿಗೆ ಒಂದು...

“ಎಪ್ಪತ್ತೊಂಬತ್ತು” ಎಂದು ಕೂಗಿದ.

“ಯಾವ ಚೀಲವೋ?”

ಅವನು ಅವಳ ಬಟ್ಟೆ ನೋಡಿದ, ಮೇಲಿನ ಶಾಲು ನೋಡಿದ, ಹಲಗೆಯ ಮೇಲೆ ಮೂಡಿದ್ದ ಒದ್ದೆ ಹೆಜ್ಜೆ ನೋಡಿದ. ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಗುಂಡನ್ನೇ ಒರೆಸತೊಡಗಿದ. “ಅಭ್ಯಾಸ ಅಕ್ಕ. ಬಾಯಿಗೆ ಅದೇ ಬಂದ್ಬಿಡುತ್ತೆ.”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಸೊಂಟ ಹಿಡಿಯುತ್ತದೆಂದು ಅರ್ಧಕ್ಕೇ ನಿಲ್ಲಿಸಿ ಕೆಳಗಿಳಿದಳು.

“ಡಾಕ್ಟರಮ್ಮನಿಗೆ ಐದು ಕಿಲೋ ಒಪ್ಪಿಸಬೇಕಿತ್ತು. ಎರಡು ನಾನು ಕಳೆದೆ. ಮೂರು ಕೂತಲ್ಲೇ ನೀನು ಕಳೆದೆ. ಆ ಮೂರು ಈಗ ನಿನ್ನ ಸಾಲ.”

“ನಾನು ಹೇಗೆ ತೀರಿಸೋದು?”

“ನಾಳೆಯಿಂದ ಕಣದ ಸುತ್ತ ನನ್ನ ಜೊತೆ ನಡಿ. ಮೂರು ಸುತ್ತಾದ ಮೇಲೆ ಹಿಡ್ಕೊಳ್ಳೋಕೆ ನನಗೊಂದು ಹೆಗಲು ಬೇಕು, ನಿನಗೂ ಹೊಟ್ಟೆ ಇಳೀಬೇಕು. ಈಗ ನೀನು ಹಲಗೆ ಹತ್ತು.”

ಅವನು ಹತ್ತಿದ. ಅವಳು ಸೊಟ್ಟ ಬೆರಳುಗಳಿಂದ ಗುಂಡನ್ನು ಒಂದೊಂದೇ ಗೆರೆ ತಳ್ಳತೊಡಗಿದಳು. ಅವನು ಟೊಪ್ಪಿ ತೆಗೆದ. ಚಪ್ಪಲಿ ಬಿಟ್ಟ. ಜೇಬಿನಿಂದ ಬೀಗದ ಕೈ, ನಟ್ಟು, ಬೋಲ್ಟು ಒಂದೊಂದಾಗಿ ಹೊರಗಿಟ್ಟ. ಗುಂಡು ಇನ್ನೂ ಸರಿಯುತ್ತಲೇ ಇತ್ತು.

“ಅಕ್ಕ, ಚೀಲಕ್ಕೆ ಒಂದಾದ್ರೂ ಕಳಿ” ಎಂದ ಮೆತ್ತಗೆ.

ಅವಳು ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೊನೆಯ ಗಾಡಿಯವನಿಗೂ ಕೇಳುವಂತೆ ಕೂಗಿದಳು:

“ತೊಂಬತ್ತಾರು. ಚೀಲ ಸೇರಿ.”