ಅಡಿಗೆಮನೆಗೆ ಬಂದ ಬೀಟೆ ಮರ

ಮರಗಳು ನಡೆದಾಡಲು ಶುರುಮಾಡಿದ ಮೇಲೆ ಕಾಯ್ದೆಯೂ ಬದಲಾಗಿತ್ತು: ಮರ ಎಲ್ಲಿ ನಿಂತಿತೋ ಅದೇ ಸರ್ಕಾರಿ ಕಾಡು. ಹಾಗಾಗಿ ದ್ಯಾಮವ್ವನ ಅಡಿಗೆಮನೆಯಲ್ಲಿ ಎಳೆ ಬೀಟೆ ಮರವೊಂದು ಬಂದು ನಿಂತ ಸುದ್ದಿ ತಿಳಿದೊಡನೆ ಫಾರೆಸ್ಟ್ ಗಾರ್ಡ್ ಯಮನೂರಪ್ಪ ಧಾವಿಸಿ, ಉರಿಯುವ ಒಲೆಗೆ ಒಂದು ಕೊಡ ನೀರು ಸುರಿದ.

"ಕಾಡಿನ್ಯಾಗ ಬೆಂಕಿ ಹಚ್ಚೋದು ಅಪರಾಧ ಐತವ್ವ."

"ನಾ ಎಲ್ಲಿ ಕಾಡಿಗೆ ಹೋಗೇನ್ರಿ ಸಾಹೇಬ್ರ? ಕಾಡೇ ನನ್ನ ಮನಿಗೆ ಬಂದೈತಿ."

"ಅದಕ್ಕ ಬರೂ ಹಕ್ಕೈತಿ. ನಿಮಗ ಇರೂ ಹಕ್ಕಿಲ್ಲ."

ಹಂಚಿನ ಮೇಲಿನ ಅರೆಬೆಂದ ರೊಟ್ಟಿಯನ್ನು ಅರಣ್ಯ ಉತ್ಪನ್ನವೆಂದು ಜಪ್ತಿ ಮಾಡಿ, ಇಲಾಖೆಯ ಸುತ್ತಿಗೆಯಿಂದ ಮರದ ಬುಡಕ್ಕೆ ಮುದ್ರೆ ಬಡಿದು ಹೊರಟ. ಮುದ್ರೆ ಬಿದ್ದ ಮರ ಇಲಾಖೆಯದು. ಇಲಾಖೆಯೆಂದು ಆ ಮರ ಕಂಡದ್ದು ಯಮನೂರಪ್ಪನೊಬ್ಬನನ್ನೇ. ತಾಯಿಯ ಹಿಂದೆ ಕರು ಹೋಗುವಂತೆ ಬೇರು ಎಳೆಯುತ್ತ ಅವನ ಬೆನ್ನುಹತ್ತಿತು. ಅವನು ಮನೆ ಹೊಕ್ಕರೆ ಮನೆ ಕಾಡಾಯಿತು, ಚಹಾದಂಗಡಿ ಹೊಕ್ಕರೆ ಅಂಗಡಿ. ಕಾಯ್ದೆ ಮೀರುವ ಆಸಾಮಿಯಲ್ಲ, ಹೋದಲ್ಲೆಲ್ಲ ತಾನೇ ಒಲೆ ಆರಿಸಿದ.

ಮೂರ್ನಾಲ್ಕು ದಿನದಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿ, ದ್ಯಾಮವ್ವನ ಅಂಗಳದಾಚೆ ಬಂದು ನಿಂತ. "ಅವ್ವಾ, ಒಂದು ಬಿಸಿ ರೊಟ್ಟಿ ಕೊಡ್ತೀಯೇನು?"

"ಅಲ್ಲೇ ಇರ್ರಿ ಸಾಹೇಬ್ರ. ನೀವು ಒಳಗ ಬಂದ್ರ ನನ್ನ ಒಲಿ ಆರತೈತಿ. ಒಗೀತೀನಿ, ಹಿಡೀರಿ."

ರೊಟ್ಟಿ ಹಾರಿ ಬಂದು ಬೀಟೆಯ ಕೊಂಬೆಗೆ ಸಿಕ್ಕಿಕೊಂಡಿತು. ಯಮನೂರಪ್ಪ ಚಾಚಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಸರ್ಕಾರಿ ಮರದಿಂದ ಏನನ್ನೂ ಕೀಳುವಂತಿಲ್ಲವೆಂಬುದನ್ನು ಅವನಿಗೆ ಹೇಳಿಕೊಡಬೇಕೆ?