ಮೇಲೆ ಜಾಗ ಬೇಕಲ್ಲ

ಆಯುಧಪೂಜೆಯ ದಿನ ಎಲ್ಲರೂ ಗಾಡಿ ತೊಳೆದ ಮೇಲೆ ತಲೆಯನ್ನೂ ಚೊಕ್ಕಟ ಮಾಡಿಕೊಳ್ಳುತ್ತಾರೆ. ನೆನಪುಗಳೆಲ್ಲ ಕ್ಲೌಡಿಗೆ ಹೋದಂದಿನಿಂದ ಅದೇ ರೂಢಿ. ನಡೆಯುತ್ತಿರುವ ಕೆಲಸದ ಫೋಲ್ಡರುಗಳು ಮೇಲಕ್ಕೆ, ಅಂದರೆ ತಲೆಗೆ; ಉಳಿದದ್ದೆಲ್ಲ ಕ್ಲೌಡಿನ ಕೆಳಗಿನ ಉಗ್ರಾಣಕ್ಕೆ. ಕೆಳಗೆ ಹೋದದ್ದು ತಲೆಯಲ್ಲಿ ಇರುವುದಿಲ್ಲ. ಬೇಕೆಂದರೆ ನೆನಪಿನ ಒಡೆಯರೇ ಕೇಳಿ ತರಿಸಿಕೊಳ್ಳಬೇಕು.

ಹೋದ ವರ್ಷ ಎಂಜಿನಿಯರ್ ವಸುಮತಿ ಇದೇ ದಿನ ತನ್ನ ಮಗಳು ಇಂಚರಳ ಫೋಲ್ಡರನ್ನು ಕೆಳಗಿಳಿಸಿದ್ದಳು. ಮಗು ಜ್ವರದಲ್ಲಿ ತೀರಿಕೊಂಡಿತ್ತು. ಸೇತುವೆಯ ನಕ್ಷೆ ತೆರೆಯಹೋದರೆ ಪ್ರತಿಸಲವೂ ಅದರ ಮುಖವೇ ಮೊದಲು ತೆರೆದುಕೊಳ್ಳುತ್ತಿತ್ತು.

"ಸೇತುವೆ ಮುಗಿಯೋವರೆಗೆ ಮಾತ್ರ ಕಣ್ರೀ. ಆಮೇಲೆ ನೀವೇ ನೆನಪು ಮಾಡಿ," ಎಂದು ಗಂಡನ ಕೈ ಹಿಡಿದು ಅತ್ತಿದ್ದಳು.

ಈಗ ಸೇತುವೆ ಮುಗಿದಿತ್ತು. ಗಂಡ ಗುರುಪ್ರಸಾದ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ವಸುಮತಿ ಕುಂಕುಮದ ಬಟ್ಟಲು ಹಿಡಿದೇ ಕೇಳಿಸಿಕೊಂಡಳು.

"ಅಯ್ಯೋ, ಪಾಪ. ಎಷ್ಟು ವರ್ಷದ ಮಗು?"

"ಏಳು. ವಾಪಸ್ ತರಿಸ್ಕೋ ವಸು. ನೀನೇ ಹೇಳಿದ್ದೆ."

"ಹೇಳಿರಬಹುದು. ಈಗ ತರಿಸ್ಕೊಂಡು ಏನ್ ಮಾಡ್ಲಿ ಹೇಳಿ? ಸೋಮವಾರ ಹೊಸ ಪ್ರಾಜೆಕ್ಟು ಶುರು. ಮೇಲೆ ಜಾಗ ಬೇಕಲ್ಲ."

ಎದ್ದು ಹೋಗಿ ಸ್ಕೂಟರಿಗೂ, ಪಕ್ಕದಲ್ಲಿದ್ದ ಪುಟ್ಟ ಸೈಕಲ್ಲಿಗೂ ಹೂವು ಮುಡಿಸಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಳು. ಗುರುಪ್ರಸಾದ ಸ್ಕೂಟರನ್ನು ಮುಂದಕ್ಕೆ ತಳ್ಳಿದ. ಹಣ್ಣು ಪಚಕ್ಕೆಂದು ಒಡೆಯಿತು.

"ಇದನ್ಯಾರು ಓಡಿಸ್ತಾರೆ?" ಎಂದು ಅವಳು ಸೈಕಲ್ಲನ್ನು ತೋರಿಸಿದಳು.

ಅವನಿಗೆ ಅದರ ಹ್ಯಾಂಡಲ್ ಮುಟ್ಟಲಾಗಲಿಲ್ಲ. ಸಂಜೆಯ ಹೊತ್ತಿಗೆ ಹೂವು ಬಾಡಿತು. ಸೈಕಲ್ಲಿನ ಚಕ್ರದ ಮುಂದಿನ ನಿಂಬೆಹಣ್ಣು ಮಾತ್ರ ಹಾಗೇ ಇತ್ತು.