ಗಗನಳ ಲ್ಯಾಪ್‌ಟಾಪು

ಅಕ್ಕ ಗಗನಳ ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯನ್ನು ಸಂಪತ್ ಪೂರ್ತಿ ಖಾಲಿ ಮಾಡಿದ್ದ. ಸುಟ್ಟುಹೋದ ಬೋರ್ಡು, ಉಬ್ಬಿದ ಬ್ಯಾಟರಿ, ದೂಳು ಕಟ್ಟಿದ ಫ್ಯಾನು ಪೇಪರಿನ ಮೇಲೆ ಬಿದ್ದಿದ್ದವು. ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡನ್ನೂ ಹೊಸ ಬ್ಯಾಟರಿಯನ್ನೂ ಆ ಜಾಗದಲ್ಲಿಟ್ಟು, ಹಳೇ ಪರದೆಗೂ ಮೈಕಿಗೂ ವೈರು ಸೇರಿಸಿ, ತಳದ ಮುಚ್ಚಳ ಬಿಗಿದ.

"ಭಾನುವಾರಗಳೆಲ್ಲ ಇದಕ್ಕೇ ಹೋಯ್ತು," ಎಂದಳು ಹೆಂಡತಿ ಚೈತ್ರ. "ಹೊಸದೇ ತಗೋಬಹುದಿತ್ತು. ನಲ್ಲಿಗೊಂದು ವಾಷರ್ ಹಾಕಿ ಅಂದ್ರೆ ಮಾತ್ರ ಪುರುಸೊತ್ತಿಲ್ಲ."

"ಹೊಸದರ ಮುಂದೆ ಅಮ್ಮ ಹಾಡಲ್ಲ ಕಣೇ."

ಗಗನಾ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲಗಳೆಲ್ಲ ಸೈಟುಗಳಾದ ಮೇಲೂ ಮಲ್ಲತ್ತಹಳ್ಳಿಯ ಹಳೇ ಮನೆಗಳ ಮದುವೆಗೆ ಅವರಮ್ಮ ಚಿಕ್ಕಲಕ್ಷ್ಮಮ್ಮನ ಸೋಬಾನೆ ಪದ ಬೇಕೇ ಬೇಕಿತ್ತು. ಗಗನಾ ಬಿಡುವಾದಾಗಲೆಲ್ಲ ಅಮ್ಮನನ್ನು ಈ ಲ್ಯಾಪ್‌ಟಾಪಿನ ಮುಂದೆ ಕೂರಿಸಿಕೊಂಡು ಒಂದೊಂದೇ ಪದ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಕೊನೆಯದು ಅರ್ಧಕ್ಕೇ ನಿಂತಿತ್ತು. ಆ ಪದದ ಮದುಮಗಳು ಇನ್ನೂ ಹಸೆಗೆ ಬಂದಿರಲಿಲ್ಲ. ಮಗಳು ಹೋದ ಮೇಲೆ ಚಿಕ್ಕಲಕ್ಷ್ಮಮ್ಮ ಯಾವ ಮದುವೆಯಲ್ಲೂ ದನಿ ತೆಗೆದಿರಲಿಲ್ಲ. ಸಂಪತ್ ಮೊಬೈಲ್ ಹಿಡಿದರೆ, "ಮರ್ತೋಯ್ತು ಹೋಗೋ" ಅನ್ನುತ್ತಿದ್ದಳು. ಆ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಅತ್ತೆಗೆ ಗೊತ್ತಾಗಲ್ವಾ?"

"ಮೇಲಿನ ಮೈ ಅದೇ ಅಲ್ವಾ? ರಿಪೇರಿ ಆಯ್ತು ಅಂತೀನಿ. ನೀನು ಸುಮ್ನಿರು."

ಚಿಕ್ಕಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಗ ತಂದುಕೊಟ್ಟದ್ದನ್ನು, ಕೈ ಒರೆಸಿಕೊಂಡು, ತೊಡೆಯ ಮೇಲಿಟ್ಟುಕೊಂಡಳು. ಮುಚ್ಚಳದ ಮೇಲೆ ಯಾವುದೋ ಆಯುಧಪೂಜೆಯ ಕುಂಕುಮ ಹಾಗೇ ಇತ್ತು. ಪರದೆ ಬೆಳಗಿತು. ಅವಳು ಅಂಗೈಯನ್ನು ತಳಕ್ಕೆ ಕೊಟ್ಟು ಸ್ವಲ್ಪ ಹೊತ್ತು ಕಾದಳು.

"ಹಗುರಾಗೈತೆ," ಎಂದಳು. "ಬೆಚ್ಚಗೂ ಆಗ್ತಿಲ್ಲ. ಮುಂಚೆ ಗುಂಯ್ ಅನ್ನೋದು."

ಸಂಪತ್ ಚೈತ್ರಳ ಮುಖ ನೋಡಿದ. ಅವಳು ಮೊರವನ್ನು ತನ್ನ ಕಡೆ ಎಳೆದುಕೊಂಡು ಕಾಯಿ ಸುಲಿಯತೊಡಗಿದಳು.

"ಒಳಗಿಂದೆಲ್ಲ ಸುಟ್ಟೋಗಿತ್ತಮ್ಮ. ತೆಗೆದು ಬೇರೆ ಹಾಕ್ದೆ."

ಬೀದಿಯಲ್ಲಿ ಸೊಪ್ಪಿನ ಗಾಡಿಯೊಂದು ಕೂಗಿಕೊಂಡು ದಾಟಿಹೋಯಿತು.

"ನಮ್ ಕೆಂದಹಸಿನ ಕರು ಸತ್ತಾಗ," ಎಂದಳು ಚಿಕ್ಕಲಕ್ಷ್ಮಮ್ಮ, "ನಿಮ್ಮಪ್ಪ ಅದರ ತೊಗಲಿಗೆ ಹುಲ್ಲು ತುಂಬ್ಸಿ ತಂದು ಹಸಿನ ಮುಂದೆ ನಿಲ್ಸಿದ್ರು. ಹಸ ಅದನ್ನೇ ನೆಕ್ಕಿ ನೆಕ್ಕಿ ಹಾಲು ಬಿಡೋದು. ನಾನು ಕರೀತಾ ಕೂತಿದ್ರೆ ನಿಮ್ಮಪ್ಪ ನಗೋರು. ಪಾಪ, ಮೂಗುಪ್ರಾಣಿ, ಏನೂ ತಿಳಿಯಾಕಿಲ್ಲ ಅಂತ."

"ಈಗ್ಯಾಕಮ್ಮ ಅದೆಲ್ಲ. ಬೇಡ ಅಂದ್ರೆ ಬಿಡು, ಎತ್ತಿಡ್ತೀನಿ."

ಮಗ ಚಾಚಿದ ಕೈಯನ್ನು ಅವಳು ಸರಿಸಿದಳು. ಸೆರಗಿನ ತುದಿಯಿಂದ ಪರದೆಯನ್ನು ಮೂಲೆಮೂಲೆಗೂ ನಿಧಾನವಾಗಿ ಒರೆಸಿದಳು. ಗಂಟಲು ಸರಿಮಾಡಿಕೊಂಡಳು.

"ಆ ಮೂಗುಪ್ರಾಣಿಗೆ ತಿಳೀತಿತ್ತು ಕಣೋ," ಎಂದಳು. "ಹೂಂ, ರೆಕಾರ್ಡ್ ಒತ್ತು."